ತಕರಾರು ಅಕ್ಕನ ಖಾಯಂ ಹುದ್ದೆ

ನಮ್ಮಕ್ಕ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅಮ್ಮ ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಾಳೆ. ಉತ್ತರ ಹೊಂದಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಒಂದು ದಿನ 'ಗಿಡಗಳ ಡಾಕ್ಟರು' ಎನ್ನುತ್ತಾಳೆ, ಇನ್ನೊಂದು ದಿನ 'ಕಂಪ್ಯೂಟರ್ ಕಡೆ ಇದ್ದಾಳೆ' ಎನ್ನುತ್ತಾಳೆ. ಎರಡನ್ನೂ ಕೇಳಿಸಿಕೊಂಡ ನಮ್ಮ ಸೋದರಮಾವ ಒಮ್ಮೆ, 'ಅಂದ್ರೆ ಗಿಡಕ್ಕೆ ಕರೆಂಟ್ ಕೊಡ್ತಾಳಾ, ಕಂಪ್ಯೂಟರಿಗೆ ನೀರು ಹಾಕ್ತಾಳಾ?' ಎಂದು ಕೇಳಿದರು. ಅಮ್ಮ ಒಂದು ವಾರ ಅವರ ಫೋನ್ ಎತ್ತಲಿಲ್ಲ.

ನನ್ನನ್ನು ಕೇಳಿದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ತಕರಾರು ಮಾಡುವುದೇ ಅವಳ ಕೆಲಸ. ಸಂಬಳ ಅದಕ್ಕೇ ಬರುವುದು. ನಾನು ಡ್ರೈವಿಂಗ್ ಸ್ಕೂಲ್ ನಡೆಸುವವಳು. ದಿನಕ್ಕೆ ಹತ್ತು ಜನ ಕ್ಲಚ್ ಬಿಡಲು ಬರದವರ ಪಕ್ಕ ಕೂತು ಬಂದರೂ ನನ್ನ ರಕ್ತದೊತ್ತಡ ಏರುವುದಿಲ್ಲ. ಮನೆಗೆ ಬಂದು ಅಕ್ಕನ ಎದುರು 'ಇವತ್ತು ಸೆಕೆ ಜಾಸ್ತಿ' ಎಂದರೆ ಸಾಕು, 'ನಿನ್ನೆಗಿಂತಾನಾ? ಯಾವುದರಲ್ಲಿ ಅಳೆದೆ?' ಎನ್ನುತ್ತಾಳೆ. ಆಗ ಏರುತ್ತದೆ.

ಅವಳ ಓದಿನ ಕಥೆಯೆಲ್ಲ ಜಗಳದ ಕಥೆಯೇ. ಚಿಕ್ಕವರಿದ್ದಾಗ ಕಿಟಕಿಯ ಕುಂಡದಲ್ಲಿದ್ದ ಗಿಡ ಬಾಡತೊಡಗಿತು. ಅಪ್ಪ ನೀರು ಸಾಲದು ಎಂದ, ಅಕ್ಕ ನೀರು ಹೆಚ್ಚಾಗಿದೆ ಎಂದಳು. ಅಪ್ಪ ಮನೆಯ ಯಜಮಾನ, ಆದ್ದರಿಂದ ಇನ್ನೊಂದು ಚೊಂಬು ಸುರಿದ. ಗಿಡ ಸತ್ತಿತು. 'ಅದರ ಆಯುಸ್ಸೇ ಅಷ್ಟಿತ್ತು ಬಿಡು' ಎಂದು ಅಪ್ಪ ಕೈ ತೊಳೆದುಕೊಂಡ. ಆ ಸಿಟ್ಟಿನಲ್ಲಿ ಅಕ್ಕ ಸಸ್ಯಶಾಸ್ತ್ರ ಸೇರಿದಳು. ಅಲ್ಲಿ ಅವಳ ಪ್ರೊಫೆಸರ್, ನಾಲ್ಕಾರು ಗಿಡ ನೋಡಿ ಬರೆದರೆ ಸಾಕಮ್ಮ ಎಂದರಂತೆ. ಯಾಕೆ ಸಾಕು, ಸಾಕು ಅಂತ ಯಾರು ಹೇಳಿದ್ದು ಎಂದು ಅವರ ಬೆನ್ನು ಬಿದ್ದು, ಅವರು ಬಾಗಿಲು ಹಾಕಿಕೊಂಡ ಮೇಲೆ ಸಂಖ್ಯಾಶಾಸ್ತ್ರದ ಪುಸ್ತಕ ತಂದು ತಾನೇ ಕೂತು ಕಲಿತಳು.

ಕಂಪ್ಯೂಟರ್ ಕಲಿಯಲು ಕಾರಣ ಶೇಕಡಾ. ಶೇಕಡಾ ಎಂದರೆ ಅಕ್ಕ ಕೆಲಸ ಮಾಡುವ ಸಸ್ಯರೋಗ ಸಂಶೋಧನಾ ಕೇಂದ್ರದಲ್ಲಿ ಎಐ ನೋಡಿಕೊಳ್ಳುವವನು. ಒಳ್ಳೆಯವನು, ಬಡಪಾಯಿ. ಎಲ್ಲವನ್ನೂ ಪರ್ಸೆಂಟಿನಲ್ಲೇ ಹೇಳುವ ಚಾಳಿ, ಅದಕ್ಕೇ ಆ ಅಡ್ಡಹೆಸರು. ಊಟಕ್ಕೆ ಬರ್ತೀಯಾ ಎಂದರೆ 'ಎಂಬತ್ತು ಪರ್ಸೆಂಟ್ ಬರ್ತೀನಿ' ಎನ್ನುತ್ತಾನೆ. ಉಳಿದ ಇಪ್ಪತ್ತು ಎಲ್ಲಿ ಊಟ ಮಾಡುತ್ತದೋ ಗೊತ್ತಿಲ್ಲ. ಅವನು ಬಂದ ಹೊಸದರಲ್ಲಿ ಒಂದು ಎಲೆಯ ಫೋಟೋ ತೋರಿಸಿ, 'ಇದಕ್ಕೆ ರೋಗ ಇದೆ ಅಂತ ಎಐ ಹೇಳ್ತಿದೆ ಅಕ್ಕ' ಎಂದ.

'ಯಾಕೆ ಹಾಗೆ ಹೇಳ್ತಿದೆ?'

'ಯಾಕೆ ಅಂತೆಲ್ಲ ಗೊತ್ತಾಗಲ್ಲ. ಹೇಳ್ತಿದೆ, ಅಷ್ಟೇ.'

ಪಾಪ, ಯಾರ ಹತ್ತಿರ ಏನು ಹೇಳುತ್ತಿದ್ದೇನೆ ಎಂದು ಅವನಿಗೆ ತಿಳಿದಿರಲಿಲ್ಲ. ಅಕ್ಕ ಮರುವಾರವೇ ಸಂಜೆ ತರಗತಿಗೆ ಸೇರಿ, ತನ್ನ ಅರ್ಧ ವಯಸ್ಸಿನವರ ನಡುವೆ ಮೊದಲ ಬೆಂಚಿನಲ್ಲಿ ಕೂತು ಕೋಡ್ ಬರೆಯುವುದನ್ನು ಕಲಿತಳು. ನನ್ನ ಮಗಳು ಈಚೆಗೆ, 'ದೊಡ್ಡಮ್ಮ, ಎಐ ಮತ್ತೆ ವಿಜ್ಞಾನ ಎರಡೂ ಇರೋ ಕೆಲಸ ಸಿಗ್ಬೇಕಾದ್ರೆ ಏನು ಓದ್ಬೇಕು?' ಎಂದು ಕೇಳಿದಾಗ ಅಕ್ಕ ಸ್ವಲ್ಪವೂ ಯೋಚಿಸದೆ, 'ಮೊದಲು ಯಾರ ಮೇಲಾದ್ರೂ ಸರಿಯಾಗಿ ಸಿಟ್ಟು ಬರ್ಬೇಕು. ಆಮೇಲೆ ಓದು ತಾನಾಗೇ ಆಗುತ್ತೆ' ಎಂದಳು. ಮಗಳು ಅದನ್ನು ನಂಬಿ ಈಗ ಗಣಿತದ ಮೇಷ್ಟರ ಮೇಲೆ ಸಿಟ್ಟು ಬೆಳೆಸಿಕೊಳ್ಳುತ್ತಿದ್ದಾಳೆ.

ಇಷ್ಟೆಲ್ಲ ಓದಿದರೂ ಅಕ್ಕನದು ಗುತ್ತಿಗೆ ಕೆಲಸ. ವರ್ಷ ಮುಗಿಯುವಾಗಲೆಲ್ಲ ಮುಂದುವರಿಸುತ್ತಾರೋ ಇಲ್ಲವೋ ಎಂದು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂರುವುದು. ಹೀಗಿರುವಾಗ ಕೇಂದ್ರದಲ್ಲಿ ಒಂದು ಖಾಯಂ ಹುದ್ದೆಯ ಮಾತು ಬಂತು. ಸಸ್ಯವಿಜ್ಞಾನವೂ ಗೊತ್ತಿರಬೇಕು, ಎಐ ಕೂಡ ಗೊತ್ತಿರಬೇಕು. ಆ ಎರಡೂ ಗೊತ್ತಿರುವವರು ಆ ಕಟ್ಟಡದಲ್ಲಿ ಅಕ್ಕನೊಬ್ಬಳೇ. ಆದರೆ ಎರಡು ಕೊಕ್ಕೆಗಳಿದ್ದವು. ಹೊರಗಿನ ಸಮಿತಿಯೊಂದು ಬಂದು, ಇವರು ತಯಾರಿಸಿದ ಎಐ ನಿಜಕ್ಕೂ ಕೆಲಸ ಮಾಡುತ್ತದೆ ಎಂದು ಒಪ್ಪಿದರೆ ಮಾತ್ರ ಹುದ್ದೆ ಮಂಜೂರು. ಎರಡನೆಯದು ವಯೋಮಿತಿ. ಅಕ್ಕನಿಗೆ ಅದು ಆ ವರ್ಷಕ್ಕೇ ಮುಗಿಯುತ್ತಿತ್ತು. ಈಗ ಸಿಕ್ಕರೆ ಸಿಕ್ಕಿತು, ತಪ್ಪಿದರೆ ಮತ್ತೆಂದೂ ಇಲ್ಲ. ಅಮ್ಮನಂತೂ ಆಗಲೇ ಖಾಯಂ ಎಂಬ ಪದವನ್ನು ಮಾತುಮಾತಿಗೂ ಬಳಸಲು ಶುರುಮಾಡಿದ್ದಳು.

ಅವರು ತಯಾರಿಸಿದ್ದು ಒಂದು ಆ್ಯಪ್. ಟೊಮೇಟೊ ಎಲೆಗೆ ಫೋನ್ ಹಿಡಿದರೆ, ಎಲೆಚುಕ್ಕೆ ರೋಗ ಇದ್ದರೆ ಕೆಂಪು ಪಟ್ಟಿ, ಇಲ್ಲದಿದ್ದರೆ ಹಸಿರು ಪಟ್ಟಿ. ಕಣ್ಣಿಗೆ ಚುಕ್ಕೆ ಕಾಣುವ ಮುಂಚೆಯೇ ಹೇಳಿಬಿಡುತ್ತದೆ ಎನ್ನುವುದು ಅದರ ಹೆಚ್ಚುಗಾರಿಕೆ. ಅದಕ್ಕೆ ಕಲಿಸಲು ಬೇಕಾದ ಸಾವಿರಾರು ಫೋಟೋಗಳನ್ನು ಅಕ್ಕನೇ ತೆಗೆದಿದ್ದಳು, ಗಾಜಿನ ಮನೆಯ ಪಕ್ಕದ ಕೋಣೆಯಲ್ಲಿ, ಕಿಟಕಿ ಹತ್ತಿರದ ಬಿಳಿ ಮೇಜಿನ ಮೇಲೆ. ಶೇಕಡಾ ಪರೀಕ್ಷೆ ಮಾಡಿ, 'ತೊಂಬತ್ತೊಂಬತ್ತು ಪರ್ಸೆಂಟ್ ಸರಿ ಅಕ್ಕ!' ಎಂದು ಕಾರಿಡಾರಿನಲ್ಲಿ ಕುಣಿದನಂತೆ. ನಿರ್ದೇಶಕರು ಎಲ್ಲರಿಗೂ ಟೀ ಕೊಡಿಸಿದರು. ಅವರು ಟೀ ಕೊಡಿಸಿದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಅಕ್ಕ ಮಾತ್ರ ಮನೆಗೆ ಮುಖ ಗಂಟು ಹಾಕಿಕೊಂಡು ಬಂದಳು. 'ನಾನು ತಪ್ಪು ಮಾಡ್ತೀನಿ, ನೀನು ಮಾಡ್ತೀಯ, ಅಮ್ಮ ದಿನಾ ಮಾಡ್ತಾಳೆ. ಇದೊಂದು ಮಾತ್ರ ಮಾಡಲ್ಲ ಅಂದ್ರೆ ಎಲ್ಲೋ ಏನೋ ಮೋಸ ಇದೆ ಕಣೇ.'

'ಗೆದ್ದಾಗಾದ್ರೂ ಸ್ವಲ್ಪ ನಗಬಾರದಾ?' ಎಂದೆ.

'ಗೆದ್ದಿದ್ದು ಖಾತ್ರಿ ಆಗ್ಲಿ, ನಗ್ತೀನಿ' ಎಂದಳು.

ಸಮಿತಿ ಬರುವುದು ಸೋಮವಾರ. ಅದರ ಹಿಂದಿನ ಶನಿವಾರ ಮಧ್ಯಾಹ್ನ ಅವಳನ್ನು ಕರೆತರಲು ಕೇಂದ್ರಕ್ಕೆ ಹೋದೆ. ಸ್ವಾಗತದ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಗಿಡ ಇಟ್ಟಿದ್ದಾರೆ. ಗಿಡಗಳ ಸಂಶೋಧನಾ ಕೇಂದ್ರದಲ್ಲಿ ಪ್ಲಾಸ್ಟಿಕ್ ಗಿಡ! ಅಕ್ಕನಿಗೂ ಅದಕ್ಕೂ ಹಳೇ ಹಗೆತನ. ಆ ದಿನ ಅವಳು ಆ ಕುಂಡವನ್ನು ಬಗಲಿಗಿಟ್ಟುಕೊಂಡು ಫೋಟೋ ಕೋಣೆಗೆ ಹೊರಟಿದ್ದಳು. ನಾನೂ ಹಿಂದೆ ಹೋದೆ. ಬಿಳಿ ಮೇಜಿನ ಮೇಲೆ ಇಟ್ಟು ಫೋನ್ ಹಿಡಿದಳು. ಕೆಂಪು ಪಟ್ಟಿ. ಪ್ಲಾಸ್ಟಿಕ್ ಗಿಡಕ್ಕೆ ಎಲೆಚುಕ್ಕೆ ರೋಗ.

ನಾನು ನಕ್ಕೆ. ಅವಳು ಫೋನನ್ನು ನನ್ನ ಮುಖಕ್ಕೆ ಹಿಡಿದಳು. ನನಗೂ ಎಲೆಚುಕ್ಕೆ ರೋಗವಿತ್ತು, ತುಂಬ ಖಚಿತವಾಗಿ. ನಗು ನಿಂತಿತು. ಅಕ್ಕ ಕಿಟಕಿಯ ಕಡೆ ನೋಡಿದಳು. ಹಳದಿ ಬಿಸಿಲು ಓರೆಯಾಗಿ ಮೇಜಿನ ಮೇಲೆ ಬಿದ್ದಿತ್ತು. ಎದ್ದು ಹೋಗಿ ಪರದೆ ಎಳೆದು, ಬಿಳಿ ದೀಪ ಹಾಕಿ, ಮತ್ತೆ ಫೋನ್ ಹಿಡಿದಳು. ಪ್ಲಾಸ್ಟಿಕ್ ಗಿಡ ಹಸಿರು, ನಾನೂ ಹಸಿರು. ಇಬ್ಬರೂ ಒಂದೇ ಕ್ಷಣದಲ್ಲಿ ಗುಣವಾಗಿದ್ದೆವು.

ಅಕ್ಕ ಹಣೆ ಹಣೆ ಚಚ್ಚಿಕೊಂಡಳು. 'ನಾನೇ! ನಾನೇ ಮಾಡಿದ್ದು!'

ಅವಳು ಮಾಡಿದ್ದೇನೆಂದು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ಹೇಳಿದಳು. ಗಾಜಿನ ಮನೆಯಲ್ಲಿ ಅವಳದೇ ಒಂದು ಕಟ್ಟುನಿಟ್ಟು. ಬೆಳಿಗ್ಗೆ ಆರೋಗ್ಯವಂತ ಗಿಡಗಳನ್ನು ಮುಟ್ಟಬೇಕು. ರೋಗದ ಗಿಡಗಳನ್ನು ಮಧ್ಯಾಹ್ನದ ಮೇಲೆ. ಒಮ್ಮೆ ರೋಗದ ಗಿಡ ಮುಟ್ಟಿದವರು ಆ ದಿನ ಮತ್ತೆ ಆರೋಗ್ಯವಂತ ಗಿಡಗಳ ಕಡೆ ತಲೆ ಹಾಕುವಂತಿಲ್ಲ. ಕೈಗೆ, ಬಟ್ಟೆಗೆ ಅಂಟಿದ ರೋಗ ಹರಡುತ್ತದಲ್ಲ, ಅದಕ್ಕೆ. ಇದನ್ನು ಮೀರಲು ಹೋದ ನಿರ್ದೇಶಕರನ್ನೇ ಅವಳು ಒಮ್ಮೆ ಬಾಗಿಲಲ್ಲಿ ಕೈ ಅಡ್ಡ ಹಿಡಿದು ವಾಪಸ್ ಕಳಿಸಿದ್ದಳು. ಕಟ್ಟುನಿಟ್ಟು ಸರಿಯಾದದ್ದೇ. ಆದರೆ ಅದರಿಂದಾಗಿ ಆರೋಗ್ಯವಂತ ಎಲೆಗಳ ಫೋಟೋ ಎಲ್ಲ ಬೆಳಗಿನ ಬಿಳಿ ಬೆಳಕಿನಲ್ಲಿ, ರೋಗದ ಎಲೆಗಳ ಫೋಟೋ ಎಲ್ಲ ಮಧ್ಯಾಹ್ನದ ಹಳದಿ ಬೆಳಕಿನಲ್ಲಿ. ಎಐ ಎಲೆಯ ಕಡೆ ನೋಡುವ ಗೋಜಿಗೇ ಹೋಗಿರಲಿಲ್ಲ. ಹೊತ್ತು ನೋಡಿ ರೋಗ ಹೇಳುತ್ತಿತ್ತು. ಪರೀಕ್ಷೆಗೆಂದು ಎತ್ತಿಟ್ಟ ಫೋಟೋಗಳೂ ಅದೇ ಮೇಜಿನವು, ಅದೇ ಹೊತ್ತಿನವು. ಮತ್ತೆ ತೊಂಬತ್ತೊಂಬತ್ತು ಬರದೆ ಇನ್ನೇನು?

ಶೇಕಡಾನನ್ನು ಕರೆಸಿದಳು. ಅವನು ಪರದೆ ಎಳೆದು, ಬಿಟ್ಟು, ಎಳೆದು, ಬಿಟ್ಟು ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, 'ಅಕ್ಕ, ಸೋಮವಾರ ಬೆಳಿಗ್ಗೆ ಚೆನ್ನಾಗಿರೋ ಗಿಡ ತೋರಿಸೋಣ. ಊಟ ಆದ್ಮೇಲೆ ರೋಗದ ಗಿಡ ತೋರಿಸೋಣ. ಹೇಗೂ ನಮ್ಮ ನಿಯಮಾನೇ ಹಾಗಿದೆ. ನೂರು ಪರ್ಸೆಂಟ್ ಸರಿಯಾಗಿ ಬರುತ್ತೆ. ಹುದ್ದೆ ಆಗ್ಲಿ, ಆಮೇಲೆ ಸದ್ದಿಲ್ಲದೆ ಸರಿ ಮಾಡ್ಕೊಳ್ಳೋಣ' ಎಂದ. ಅವನ ಬಾಯಲ್ಲಿ ನೂರು ಪರ್ಸೆಂಟ್ ಎಂಬ ಮಾತು ಬಂದದ್ದು ಅದೇ ಮೊದಲು.

ಭಾನುವಾರ ಮನೆಯಲ್ಲಿ ಅಮ್ಮನೂ ಅದನ್ನೇ ಹೇಳಿದಳು. 'ಆರ್ಡರ್ ಕೈಗೆ ಬರೋವರೆಗೂ ಬಾಯಿ ಮುಚ್ಕೊಂಡಿರು. ಖಾಯಂ ಆದ್ಮೇಲೆ ಎಷ್ಟು ಬೇಕಾದ್ರೂ ತಕರಾರು ಮಾಡು, ಯಾರು ತೆಗೀತಾರೆ ನಿನ್ನ?' ನನಗಂತೂ ಈ ಮಾತು ತುಂಬ ಹಿಡಿಸಿತು. ಅಕ್ಕ ತಟ್ಟೆಯ ಮುಂದೆ ಕೂತವಳು ತಿನ್ನಲೂ ಇಲ್ಲ, ಏಳಲೂ ಇಲ್ಲ. ಕಡೆಗೆ, 'ಯಾರೋ ಈ ಆ್ಯಪ್ ನಂಬ್ಕೊಂಡು ಸಂಜೆ ಹೊತ್ತು ಹೊಲಕ್ಕೆ ಹೋಗಿ, ಚೆನ್ನಾಗಿರೋ ಬೆಳೇನ ಕಿತ್ತು ಹಾಕಿದ್ರೆ?' ಎಂದಳು. ಅಮ್ಮ ಕನ್ನಡಕ ತೆಗೆದು ಒರೆಸಲು ಶುರುಮಾಡಿದಳು.

ಸೋಮವಾರ ಕೇಂದ್ರದ ವ್ಯಾನ್ ಕೆಟ್ಟು ನಿಂತಿತ್ತು. ಸಮಿತಿಯ ಅಧ್ಯಕ್ಷೆಯನ್ನು ರೈಲು ನಿಲ್ದಾಣದಿಂದ ಕರೆತರುವ ಕೆಲಸ ನನ್ನ ತಲೆಗೆ ಬಂತು. ನನ್ನದು ಕಲಿಸುವ ಕಾರು. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇದೆ. ಅಧ್ಯಕ್ಷೆ ಅದನ್ನು ಕಂಡುಹಿಡಿದದ್ದೇ ತಡ, ಪ್ರತಿ ತಿರುವಿನಲ್ಲೂ ಒತ್ತಿದರು. 'ನಾನು ಡ್ರೈವಿಂಗ್ ಕಲಿಸೋಳು ಮೇಡಂ' ಎಂದರೆ, 'ಇರಬಹುದಮ್ಮ, ನನಗೆ ಹೇಗೆ ಗೊತ್ತಾಗ್ಬೇಕು?' ಎಂದರು. ಇವರು ಅಕ್ಕನಿಗೆ ಸರಿಯಾದ ಜೋಡಿ ಅನ್ನಿಸಿತು.

ಫೋಟೋ ಕೋಣೆಯಲ್ಲಿ ಬೆಳಗಿನ ಪ್ರದರ್ಶನ ಹೂವೆತ್ತಿದ ಹಾಗೆ ನಡೆಯಿತು. ಹಸಿರು, ಹಸಿರು, ಹಸಿರು. ಊಟದ ನಂತರ ರೋಗದ ಗಿಡಗಳು ಬಂದವು. ಕೆಂಪು, ಕೆಂಪು, ಕೆಂಪು. ಸಮಿತಿಯವರು ಚಪ್ಪಾಳೆ ತಟ್ಟಿದರು. ನಿರ್ದೇಶಕರು ಟೈ ಸರಿಮಾಡಿಕೊಂಡರು. ಶೇಕಡಾ ಬಾಗಿಲ ಬಳಿ ಕಣ್ಣು ಮುಚ್ಚಿ ನಿಂತಿದ್ದ. ನಾನು ಪಾಠದ ಹೊತ್ತಾದರೂ ಹೋಗದೆ ಹಿಂದೆ ಗೋಡೆಗೆ ಆತುಕೊಂಡಿದ್ದೆ. ಅಕ್ಕ ಹೇಳುವುದಿಲ್ಲ ಎಂದೇ ನಂಬಿದ್ದೆ. ಬೇಡ ಕಣೇ, ಇಲ್ಲಿಗೇ ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

'ಇನ್ನೊಂದು ಗಿಡ ಉಳಿದಿದೆ' ಎಂದಳು ಅಕ್ಕ. ಹೊರಗೆ ಹೋಗಿ ಸ್ವಾಗತದ ಮೇಜಿನ ಕುಂಡವನ್ನು ತಂದಿಟ್ಟಳು. ಕೆಂಪು ಪಟ್ಟಿ ಬಂತು. ಸಮಿತಿಯಲ್ಲೊಬ್ಬರು, 'ಪಾಪ, ಇದಕ್ಕೂ ಬಂದಿದೆ' ಎಂದು ಮರುಗಿದರು. ಅಧ್ಯಕ್ಷೆ ಎದ್ದು ಬಂದು ಒಂದು ಎಲೆಯನ್ನು ಬೆರಳಿನಿಂದ ಮಡಿಸಿ, ಬಿಟ್ಟು, 'ಇದು ಪ್ಲಾಸ್ಟಿಕ್' ಎಂದರು. ಅಕ್ಕ ಫೋನನ್ನು ನಿರ್ದೇಶಕರ ಕಡೆ ತಿರುಗಿಸಿದಳು. ನಿರ್ದೇಶಕರಿಗೂ ಎಲೆಚುಕ್ಕೆ ರೋಗ. ಕೋಣೆಯಲ್ಲಿ ಒಬ್ಬರು ಕಿಸಕ್ಕನೆ ನಕ್ಕರು, ಅದು ನಾನೇ ಇರಬೇಕು.

ಆಮೇಲೆ ಅಕ್ಕ ಪರದೆ ಎಳೆದು ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಧ್ಯಕ್ಷೆ ಕೇಳಿದರು, 'ಫೋಟೋ ತೆಗೆದವರು ಯಾರು?'

'ನಾನು.'

'ಬೆಳಿಗ್ಗೆ ಇದು, ಮಧ್ಯಾಹ್ನ ಅದು ಅಂತ ನಿಯಮ ಮಾಡಿದವರು?'

'ನಾನೇ.'

'ಸರಿ ಮಾಡೋಕೆ ಎಷ್ಟು ಕಾಲ ಬೇಕು?'

'ಹೊಸ ಗಿಡ ಬೆಳೆಸ್ಬೇಕು, ಎಲ್ಲಾ ಬೆಳಕಲ್ಲೂ ಫೋಟೋ ತೆಗೀಬೇಕು. ಮುಂದಿನ ವರ್ಷ ಆಗುತ್ತೆ.'

ಮುಂದಿನ ವರ್ಷ ಎಂದರೆ ಅವಳ ವಯೋಮಿತಿ ಮುಗಿದಿರುತ್ತದೆ. ಅಧ್ಯಕ್ಷೆ ತಲೆಯಾಡಿಸಿ, ಹಾಗಾದರೆ ಹುದ್ದೆಯನ್ನೂ ಮುಂದಿನ ವರ್ಷವೇ ನೋಡೋಣ ಎಂದರು. ಬೈಯಲಿಲ್ಲ, ಹೊಗಳಲೂ ಇಲ್ಲ. ವಾಪಸ್ ಹೋಗುವಾಗ ಕಾರಿನಲ್ಲಿ ಒಂದೇ ಒಂದು ಸಲವೂ ಬ್ರೇಕ್ ಒತ್ತಲಿಲ್ಲ. ಏನೋ ಯೋಚಿಸುತ್ತ ಕೂತಿದ್ದರು. ನನಗೆ ಅವರ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿತ್ತು.

ವರ್ಷ ತಿರುಗಿತು. ಅಕ್ಕ ಹೊಸ ಗಿಡ ಬೆಳೆಸಿ, ಬಿಳಿ ಬೆಳಕಿನಲ್ಲಿ, ಹಳದಿ ಬೆಳಕಿನಲ್ಲಿ, ಮೋಡ ಮುಸುಕಿದಾಗ, ದೀಪ ಹಾಕಿಕೊಂಡು, ಎರಡೂ ಬಗೆಯ ಎಲೆಗಳ ಫೋಟೋ ತೆಗೆದಳು. ರೋಗದ ಗಿಡಗಳಿಗೆ ಬೇರೆ ಕೋಣೆ, ಬೇರೆ ಕೋಟು, ಬೇರೆ ದಿನ ಎಂದು ಹಟ ಮಾಡಿ ಮಾಡಿಸಿಕೊಂಡಳು. ಆ್ಯಪಿನ ಪರ್ಸೆಂಟ್ ಇಳಿಯಿತು. ಶೇಕಡಾ ಸೂತಕದ ಮುಖ ಮಾಡಿದರೆ ಅಕ್ಕ, 'ಈಗ ಇದು ನಮ್ಮ ಥರ ಆಯ್ತು ನೋಡು' ಎಂದು ಬೆನ್ನು ತಟ್ಟಿದಳು. ಸಮಿತಿ ಈ ಸಲ ಒಪ್ಪಿತು, ಹುದ್ದೆ ಮಂಜೂರಾಯಿತು. ಅಕ್ಕನ ವಯಸ್ಸು ಮೀರಿತ್ತು. ನಿರ್ದೇಶಕರು ಅವಳಿಗಾಗಿ ವಿನಾಯಿತಿ ಕೇಳಿ ಓಡಾಡಿದರು, ಅದು ನಿಜ. ನಿಯಮ ಅಲ್ಲಾಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಆದರೆ ಆ ಬ್ರೇಕ್ ಒತ್ತುವ ಅಧ್ಯಕ್ಷೆ ಹೊಸದೊಂದು ಕಿತಾಪತಿ ಮಾಡಿದರು. ಅರ್ಜಿ ಹಾಕಿದವರಿಗೆ ಪ್ರಾಯೋಗಿಕ ಪರೀಕ್ಷೆ ಇಟ್ಟು, ಆರಿಸಿ ಕೊಡುವ ಕೆಲಸವನ್ನು ಅಕ್ಕನಿಗೇ ಒಪ್ಪಿಸಿದರು. ತನಗೆ ಸಿಗಬೇಕಾದ ಕುರ್ಚಿಗೆ ತಾನೇ ಇನ್ನೊಬ್ಬರನ್ನು ಹುಡುಕಬೇಕು! 'ಆಗಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳು' ಎಂದೆ. 'ನಾನು ಬಿಟ್ರೆ ಯಾರಿಗೆ ಬೇಕಾದ್ರೂ ಕೊಟ್ಟುಬಿಡ್ತಾರೆ' ಎಂದು ಒಪ್ಪಿಕೊಂಡಳು.

ವರ್ಷವಿಡೀ ಅಕ್ಕನ ಹಿಂದೆ ಸುತ್ತಿ ಒಂದಿಷ್ಟು ಸಸ್ಯವಿಜ್ಞಾನ ಕಲಿತಿದ್ದ ಶೇಕಡಾನೂ ಅರ್ಜಿ ಹಾಕಿದ್ದ. ಅಮ್ಮನಿಗೆ ಇದರಲ್ಲಿ ದಾರಿ ಕಂಡಿತು. 'ಅವನನ್ನೇ ಮಾಡು. ಹೆಸರಿಗೆ ಅವನು ಮೇಲಿರ್ತಾನೆ, ನಡೆಯೋದೆಲ್ಲ ನಿನ್ನ ಮಾತೇ' ಎಂದಳು. ಲೆಕ್ಕಾಚಾರದಲ್ಲಿ ನಮ್ಮಮ್ಮನನ್ನು ಮೀರಿಸುವವರಿಲ್ಲ.

ಪರೀಕ್ಷೆಯ ದಿನ ಸಂಜೆ ಅವಳನ್ನು ಕರೆತರಲು ಹೋದೆ. ಕೇಂದ್ರದ ಗೇಟಿನ ಮುಂದೆ ಕಾರು ನಿಲ್ಲಿಸಿಕೊಂಡು ಕಾದೆ. ಅಕ್ಕ ಬಂದು ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು. 'ಹೊರಡಬೇಡ, ಸ್ವಲ್ಪ ಇರು' ಎಂದಳು.

'ಏನಾಯ್ತು?'

'ಪರೀಕ್ಷೆಗೆ ಕೊಟ್ಟ ಫೋಟೋಗಳಲ್ಲಿ ಬೇಕಂತಲೇ ಒಂದು ಬಲೆ ಇಟ್ಟಿದ್ದೆ. ರೋಗದ ಗಿಡಗಳನ್ನೆಲ್ಲ ಕಪ್ಪು ಕುಂಡದಲ್ಲೇ ಇಟ್ಟು ತೆಗೆದಿದ್ದೆ. ಶೇಕಡಾ ಹೋದ ಸಲದ ಪಾಠ ನೆನಪಿಟ್ಕೊಂಡು ಬೆಳಕು ನೋಡಿದ. ಬೆಳಕು ಸರಿ ಇದೆ, ತೊಂಬತ್ತು ಪರ್ಸೆಂಟ್ ನಂಬಬಹುದು ಅಂದ. ಉಳಿದವರು ಅದನ್ನೂ ನೋಡ್ಲಿಲ್ಲ. ಒಬ್ಬಳು ಹುಡುಗಿ ಮಾತ್ರ ಕಪ್ಪು ಕುಂಡ ನೋಡಿ, ಇದು ನೀವೇ ಇಟ್ಟಿರೋದು ಅಲ್ವಾ ಅಂತ ಆ ಫೋಟೋಗಳನ್ನ ಪಕ್ಕಕ್ಕೆ ಸರಿಸಿದಳು. ಆಮೇಲೆ, ನೀವು ಫೋಟೋ ತೆಗೆಯೋದನ್ನ ಸ್ವಲ್ಪ ನೋಡ್ಬಹುದಾ ಅಂದಳು.'

'ತೋರಿಸಿದ್ಯಾ?'

'ಹೂಂ. ಹತ್ತಿರ ನಿಂತು ನನ್ನ ಕೈನೇ ನೋಡ್ತಾ ಇದ್ದಳು. ಕೊನೆಗೆ ಹೇಳಿದಳು. ಚೆನ್ನಾಗಿರೋ ಎಲೆನ ಬೆರಳಲ್ಲಿ ಹಿಡೀತೀರ, ರೋಗದ ಎಲೆನ ಚಿಮಟದಲ್ಲಿ ಹಿಡೀತೀರ, ಚಿಮಟದ ತುದಿ ಫೋಟೋ ಮೂಲೇಲಿ ಬಿದ್ದಿದೆ ಅಂದಳು.' ಅಕ್ಕ ನನ್ನ ಕಡೆ ತಿರುಗಿದಳು. 'ಅದು ನಾನಿಟ್ಟ ಬಲೆ ಅಲ್ಲ ಕಣೇ. ವರ್ಷವಿಡೀ ಕಣ್ಣಲ್ಲಿ ಕಣ್ಣಿಟ್ಟು ತೆಗೆದ ಹೊಸ ಫೋಟೋಗಳಲ್ಲೂ ಹಾಗೇ ಇದೆ. ನನಗೇ ಗೊತ್ತಿರ್ಲಿಲ್ಲ.'

ನಾನು ಕಾರಿನ ಕೀಲಿ ತೆಗೆದು ಮಡಿಲಲ್ಲಿಟ್ಟುಕೊಂಡೆ. 'ಯಾರನ್ನ ಆರಿಸಿದೆ?'

'ಇನ್ಯಾರನ್ನ? ಅವಳನ್ನೇ. ಒಂದು ಗಂಟೆ ಜಗಳ ಆಡಿದೆ ಅವಳ ಹತ್ತಿರ. ಒಂದು ಹೆಜ್ಜೇನೂ ಹಿಂದೆ ಹೋಗ್ಲಿಲ್ಲ.' ಅವಳ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. 'ಹೊಟ್ಟೆ ಉರೀತಿದೆ ಕಣೇ. ಸುಳ್ಳು ಯಾಕೆ ಹೇಳ್ಲಿ? ಆ ಕುರ್ಚಿ ನಂದು. ಅವಳು ಕೂತಾಗೆಲ್ಲ ಉರಿಯುತ್ತೆ. ಆದ್ರೂ ಅವಳೇ ಬೇಕು. ನನ್ನ ತಪ್ಪು ಹಿಡಿಯೋಕೆ ಒಬ್ಬರು ಬೇಡ್ವಾ?'

ನಾನೂ ಅತ್ತೆ. ಗೇಟಿನ ಕಾವಲುಗಾರ ನಮ್ಮಿಬ್ಬರನ್ನೂ ನೋಡಿ, ಯಾರಿಗೋ ಏನೋ ಆಗಿದೆ ಎಂದುಕೊಂಡು ಟೋಪಿ ತೆಗೆದು ನಿಂತ. ಅದನ್ನು ಕಂಡು ಇಬ್ಬರಿಗೂ ನಗು ಬಂತು.

'ಒಂದನೇ ತಾರೀಖಿಂದ ಅವಳು ನನಗೆ ಮೇಲಧಿಕಾರಿ' ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. 'ನನಗೆ ಮಗಳಾಗೋ ವಯಸ್ಸು. ಮೇಡಂ ಅನ್ಬೇಕು. ಬರುತ್ತೋ ಇಲ್ವೋ ನೋಡ್ತೀನಿ ಇರು.'

ನೆಟ್ಟಗೆ ಕೂತು, ಮುಂದಿನ ಗಾಜನ್ನೇ ಆ ಹುಡುಗಿ ಎಂದುಕೊಂಡು, 'ಮೇಡಂ' ಎಂದಳು. ಬೈದ ಹಾಗಿತ್ತು. ಎರಡನೇ ಸಲ 'ಮೇ' ಎಂದು ಅರ್ಧಕ್ಕೇ ನಿಂತಿತು. ಬೆಲ್ಟ್ ಸರಿಮಾಡಿಕೊಂಡು ಮತ್ತೆ ಹೇಳಿದಳು. ಆಗ ಸರಿಯಾಗಿ ಬಂತು.